ನೇಕಾರರಿಗೆ ದೊಡ್ಡ ಅಂಗಡಿ ತೆರೆದ ಮಂಗಳೂರಿನ ಹೆಣ್ಣುಮಗಳು: ಕಮಲಾದೇವಿ ಚಟ್ಟೋಪಾಧ್ಯಾಯ

ಮಂಗಳೂರು: ಇಳಕಲ್ ಸೀರೆ, ಕಲಂಕಾರಿ ದುಪಟ್ಟಾ, ಉಡುಪಿ ಸೀರೆ ಇವೆಲ್ಲ ಈಗ ಫ್ಯಾಷನ್. ಮದುವೆ ಮನೆಗೆ, ಆಫೀಸಿಗೆ, ಕಾಲೇಜು ಫಂಕ್ಷನ್‌ಗೆ ಹುಡುಗಿಯರು ಹುಡುಕಿ ತಂದು ಉಡ್ತಾರೆ. ಆದರೆ 1947ರ ಹೊತ್ತಿಗೆ ಕೈಮಗ್ಗದ ಸ್ಥಿತಿ ಹೀಗಿರಲಿಲ್ಲ. ಒಂದು ಕಡೆ ಗಿರಣಿ ಬಟ್ಟೆ ಅಗ್ಗಕ್ಕೆ ಸಿಗುತ್ತಿತ್ತು, ಇನ್ನೊಂದು ಕಡೆ ನೇಕಾರನ ಮಾಲಿಗೆ ಸರಿಯಾದ ಮಾರುಕಟ್ಟೆಯೇ ಇರಲಿಲ್ಲ. ಆ ಮಾರುಕಟ್ಟೆ ಕಟ್ಟಿದವರಲ್ಲಿ ಮೊದಲ ಸಾಲಿನ ಹೆಸರು ನಮ್ಮ ಮಂಗಳೂರಿನದ್ದೇ.

ಕಮಲಾದೇವಿ ಹುಟ್ಟಿದ್ದು 1903ರ ಏಪ್ರಿಲ್ 3ರಂದು, ಮಂಗಳೂರಿನ ಸಾರಸ್ವತ ಕುಟುಂಬದಲ್ಲಿ. ತಂದೆ ಅನಂತಯ್ಯ ಧಾರೇಶ್ವರ ದೊಡ್ಡ ಸರ್ಕಾರಿ ಅಧಿಕಾರಿ, ತಾಯಿ ಗಿರಿಜಾಬಾಯಿ. ಮಗಳಿಗೆ ಏಳು ವರ್ಷ ಆಗಿದ್ದಾಗ ತಂದೆ ವಿಲ್ ಬರೆಯದೆ ತೀರಿಕೊಂಡರು. ಆಗಿನ ಕಾನೂನು ಪ್ರಕಾರ ಆಸ್ತಿಯೆಲ್ಲ ತಂದೆಯ ಮೊದಲ ಸಂಬಂಧದ ಮಗನ ಪಾಲಾಯಿತು. ತಾಯಿ, ಮಗಳಿಗೆ ಉಳಿದದ್ದು ತಿಂಗಳ ಜೀವನಾಂಶ ಮಾತ್ರ. ಗಿರಿಜಾಬಾಯಿ ಅದೂ ಬೇಡ ಅಂದು, ತವರಿಂದ ಬಂದದ್ದರಲ್ಲೇ ಮಗಳನ್ನು ಸಾಕಿದರು. ದುಡಿಮೆ ಮತ್ತು ದುಡ್ಡು ಹೆಣ್ಣಿನ ಕೈಯಲ್ಲಿರಬೇಕು ಅನ್ನುವ ಹಟ ಕಮಲಾದೇವಿಗೆ ಬಂದದ್ದು ಆ ಮನೆಯಿಂದಲೇ ಇರಬೇಕು.

ಹದಿನಾಲ್ಕಕ್ಕೆ ಮದುವೆ, ಎರಡೇ ವರ್ಷದಲ್ಲಿ ವೈಧವ್ಯ. ಆದರೂ ಚೆನ್ನೈಗೆ ಹೋಗಿ ಓದಿದರು. ಅಲ್ಲಿ ಸರೋಜಿನಿ ನಾಯ್ಡು ಅವರ ತಮ್ಮ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಗಿ ಮದುವೆಯಾದರು. ಊರವರು ಏನೆಲ್ಲ ಆಡಿಕೊಂಡಿರಬಹುದು ಅಂತ ಊಹಿಸಬಹುದು. ನಾಟಕ ಆಡಿದರು, ಮೂಕಿ ಸಿನಿಮಾದಲ್ಲೂ ಕಾಣಿಸಿಕೊಂಡರು. 1926ರಲ್ಲಿ ಮದ್ರಾಸ್ ಶಾಸನಸಭೆಗೆ ಸ್ಪರ್ಧಿಸಿ ಕೆಲವೇ ಮತಗಳಿಂದ ಸೋತರು. ಹರೀಂದ್ರನಾಥರ ಜತೆಗಿನ ಮದುವೆ ಮುಂದೆ ವಿಚ್ಛೇದನದಲ್ಲಿ ಮುಗಿಯಿತು.

1930ರ ಉಪ್ಪಿನ ಸತ್ಯಾಗ್ರಹದ ಹೊತ್ತಿಗೆ ಮುಂಬೈಯಲ್ಲಿದ್ದರು. ತಯಾರಿಸಿದ ಉಪ್ಪಿನ ಪೊಟ್ಟಣ ಹಿಡಿದು ನೇರ ಷೇರುಪೇಟೆಯ ಒಳಗೇ ಮಾರಲು ನುಗ್ಗಿದರು. ಆ ಹೋರಾಟದಲ್ಲಿ ಜೈಲಿಗೂ ಹೋದರು. ಗಿರಾಕಿ ಇರುವ ಜಾಗಕ್ಕೆ ಮಾಲು ಒಯ್ಯಬೇಕು ಅನ್ನುವ ವ್ಯಾಪಾರದ ಪಾಠ ಅವರಿಗೆ ಅವತ್ತೇ ಗೊತ್ತಿತ್ತು ಅನ್ನಿ.

ಸ್ವಾತಂತ್ರ್ಯ ಬಂದಾಗ ಅವರ ಜತೆಗಿದ್ದವರು ಹಲವರು ಅಧಿಕಾರದತ್ತ ಹೋದರು. ಕಮಲಾದೇವಿ ನಿರಾಶ್ರಿತರತ್ತ ಹೋದರು. 1948ರಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಕಟ್ಟಿ, ದೇಶ ವಿಭಜನೆಯಲ್ಲಿ ಮನೆಮಠ ಕಳೆದುಕೊಂಡು ವಾಯವ್ಯ ಗಡಿಯಿಂದ ಬಂದ ಸುಮಾರು 50,000 ಮಂದಿಗೆ ಫರೀದಾಬಾದಿನಲ್ಲಿ ಊರು ಎಬ್ಬಿಸುವ ಕೆಲಸಕ್ಕೆ ಕೈ ಹಾಕಿದರು. ದಾನ ಕೊಟ್ಟು ಕೂರಿಸುವುದಲ್ಲ, ಸಹಕಾರ ಸಂಘ ಮಾಡಿ ಕೆಲಸ ಹಚ್ಚುವುದು ಅವರ ದಾರಿ.

ಅಂಗಡಿ ನಡೆಸುವವರಿಗೆ ಮುಂದಿನ ಭಾಗವೇ ಮುಖ್ಯ. ದೆಹಲಿಯಲ್ಲಿ ಸರ್ಕಾರ ಗುಡಿ ಕೈಗಾರಿಕೆಗಳ ಎಂಪೋರಿಯಂ ಒಂದನ್ನು ತೆರೆದಿತ್ತು, ಆದರೆ ವ್ಯಾಪಾರ ಕುದುರಿರಲಿಲ್ಲ. 1952ರಲ್ಲಿ ಅದನ್ನು ಕಮಲಾದೇವಿಯವರ ಯೂನಿಯನ್ನಿಗೆ ವಹಿಸಲಾಯಿತು. ಅದೇ ವರ್ಷ ಅಖಿಲ ಭಾರತ ಕರಕುಶಲ ಮಂಡಳಿಯೂ ಶುರುವಾಗಿ, ಅದರ ಚುಕ್ಕಾಣಿಯೂ ಅವರಿಗೇ ಬಂತು. ಹಳ್ಳಿ ಹಳ್ಳಿ ಸುತ್ತಿದರು. ಯಾವ ಊರಲ್ಲಿ ಯಾವ ಕಸುಬು ಉಳಿದಿದೆ, ಯಾವ ಮುದುಕನ ಕೈಯಲ್ಲಿ ಯಾವ ವಿದ್ಯೆ ಇದೆ ಅಂತ ಹುಡುಕಿದರು. ಹಳೇ ವಿನ್ಯಾಸ ಇಟ್ಟುಕೊಂಡೇ ಪೇಟೆಯ ಗಿರಾಕಿ ಉಡುವಂಥ, ಮನೆಯಲ್ಲಿ ಬಳಸುವಂಥ ಮಾಲು ಮಾಡಿಸಿ ಎಂಪೋರಿಯಂಗೆ ತರಿಸಿದರು. ಕೈಮಗ್ಗದ ಸೀರೆ ಉಡುವುದು ಬಡತನ ಅಲ್ಲ, ಅಭಿರುಚಿ ಅನ್ನುವ ಮಾತು ದೆಹಲಿಯ ಸಿರಿವಂತರ ಮನೆಗೂ ಮುಟ್ಟಿತು. ಅವರು ಸ್ವತಃ ಉಡುತ್ತಿದ್ದುದೂ ಕೈಮಗ್ಗದ ಸೀರೆಯೇ, ಅದೇ ದೊಡ್ಡ ಜಾಹೀರಾತು.

ಆಂಧ್ರದ ಶ್ರೀಕಾಳಹಸ್ತಿಯದ್ದು ಒಳ್ಳೆ ಉದಾಹರಣೆ. ಲೇಖನಿಯಿಂದ ಬಟ್ಟೆ ಮೇಲೆ ಚಿತ್ರ ಬಿಡಿಸುವ ಕಲಂಕಾರಿ ಅಲ್ಲಿ ಕೊನೆಯುಸಿರು ಎಳೆಯುತ್ತಿತ್ತು. 1950ರ ದಶಕದಲ್ಲಿ ಕಮಲಾದೇವಿ ಮುತುವರ್ಜಿಯಿಂದ ಅಲ್ಲಿ ತರಬೇತಿ ಕೇಂದ್ರ ಆಯಿತು, ಹೊಸ ಹುಡುಗರು ಕಲಿತರು, ಕಸುಬು ಬದುಕಿತು. ಈಗ ಅದೇ ಹೆಸರಲ್ಲಿ ಮೆಷಿನ್ ಪ್ರಿಂಟ್ ಬಟ್ಟೆ ರಾಶಿ ಬಿದ್ದಿದೆ, ಆ ಮಾತು ಬೇರೆ. ಕೈಮಗ್ಗಕ್ಕೂ ಇದೇ ಕಾಟ. 1985ರ ಕಾಯ್ದೆಯಲ್ಲಿ ಕೆಲವು ಬಗೆಯ ಬಟ್ಟೆ ಕೈಮಗ್ಗಕ್ಕೆ ಮಾತ್ರ ಮೀಸಲು, ಈಗ ಆ ಪಟ್ಟಿಯಲ್ಲಿ ಇರುವುದು 11. ಪವರ್‌ಲೂಮ್ ಸೀರೆಗೆ ಕೈಮಗ್ಗ ಅಂತ ಚೀಟಿ ಅಂಟಿಸಿದರೆ ಹೊಡೆತ ಬೀಳುವುದು ನೇಕಾರನ ಕೂಲಿಗೆ.

ಆ ಕೂಲಿ ಒಬ್ಬನದ್ದಲ್ಲ. ನೂಲಿಗೆ ಬಣ್ಣ ಹಾಕುವವರು, ಗಂಜಿ ಹಾಕುವವರು, ಹಾಸು ಹೂಡುವವರು, ಕಂಡಿಕೆ ಸುತ್ತುವ ಮನೆಯ ಹೆಂಗಸರು, ಆಮೇಲೆ ಮಗ್ಗದ ಮೇಲೆ ಕೂರುವವನು. ಒಂದು ಸೀರೆ ಮಾರಾಟವಾದರೆ ಇಷ್ಟೂ ಮಂದಿಗೆ ಪಾಲು. 2019-20ರ ಕೈಮಗ್ಗ ಗಣತಿ ಪ್ರಕಾರ ದೇಶದಲ್ಲಿ ಈ ಕಸುಬಿನಲ್ಲಿರುವವರು 35 ಲಕ್ಷಕ್ಕೂ ಹೆಚ್ಚು, ಅವರಲ್ಲಿ ಹತ್ತಕ್ಕೆ ಏಳು ಮಂದಿ ಹೆಂಗಸರು.

1955ರಲ್ಲಿ ಪದ್ಮಭೂಷಣ, 1966ರಲ್ಲಿ ಮ್ಯಾಗ್ಸೇಸೆ, 1987ರಲ್ಲಿ ಪದ್ಮವಿಭೂಷಣ ಬಂತು. 1988ರ ಅಕ್ಟೋಬರ್ 29ರಂದು ಮುಂಬೈಯಲ್ಲಿ ತೀರಿಕೊಂಡರು, ಆಗ ವಯಸ್ಸು 85.

ದೇಶಕ್ಕೆಲ್ಲ ಮಾರುಕಟ್ಟೆ ತೋರಿಸಿದವರ ಸ್ವಂತ ಜಿಲ್ಲೆಯಲ್ಲಿ ಮಾತ್ರ ಮಗ್ಗಗಳು ಒಂದೊಂದಾಗಿ ನಿಂತವು. ಉಡುಪಿ ಸೀರೆ ನೇಯುವವರು ಕೆಲವು ವರ್ಷದ ಹಿಂದೆ ಬೆರಳಲ್ಲಿ ಎಣಿಸುವಷ್ಟಕ್ಕೆ ಇಳಿದಿದ್ದರು. ಬಳಿಕ ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸೊಸೈಟಿಯಲ್ಲಿ ತರಬೇತಿ ಶುರುವಾಗಿ, ಹೊಸಬರು ಬಂದು ಲಾಳಿ ಹಿಡಿದಿದ್ದಾರೆ.