ಪೊಲೀಸ್ ಉಡುಪಿನ ಕಾದಂಬರಿಕಾರ: ಗುಲ್ವಾಡಿ ವೆಂಕಟರಾಯರು

ಘಣಸೋಲಿಯ ಕನ್ನಡ ಮನೆಗಳ ಕಪಾಟುಗಳಲ್ಲಿ ಕಾರಂತರು, ಭೈರಪ್ಪನವರು, ತ್ರಿವೇಣಿಯವರು ತಪ್ಪದೆ ಕಾಣಿಸುತ್ತಾರೆ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಹೆಸರಾದ 'ಇಂದಿರಾಬಾಯಿ' ಮಾತ್ರ ಅಪರೂಪ. ಅದರ ಕರ್ತೃ ಗುಲ್ವಾಡಿ ವೆಂಕಟರಾಯರ ಹೆಸರನ್ನು ಶಾಲೆಯ ಪರೀಕ್ಷೆಗೆಂದು ಬಾಯಿಪಾಠ ಮಾಡಿ ಮರೆತವರೇ ನಮ್ಮಲ್ಲಿ ಹೆಚ್ಚು.

ವೆಂಕಟರಾಯರು ಹುಟ್ಟಿದ್ದು 1844ರಲ್ಲಿ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ ಮುದ್ರಣಾಲಯ ಆರಂಭವಾಗಿ ಆಗ ಮೂರೇ ವರ್ಷ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಟು ಒಂದೇ ವರ್ಷ. ಚಿತ್ರಾಪುರ ಸಾರಸ್ವತ ಸಮಾಜದ ಅವರ ಮನೆಮಾತು ಕೊಂಕಣಿ, ಬರಹಕ್ಕೆ ಆರಿಸಿಕೊಂಡ ಭಾಷೆ ಕನ್ನಡ. ಆಗಿನ ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಅವರು ಪೊಲೀಸ್ ಅಧಿಕಾರಿಯಾಗಿದ್ದರು. ಗೌರವಸ್ಥ ಮನೆಗಳ ಹಿಂಬಾಗಿಲಿನಿಂದ ಹೊರಬರುವ ಸಂಗತಿಗಳು ಪೊಲೀಸನಿಗೆ ತಿಳಿಯುವಷ್ಟು ಪುರೋಹಿತನಿಗೂ ತಿಳಿಯಲಾರವು. ಆ ತಿಳಿವಳಿಕೆ ಅವರ ಬರಹದಲ್ಲಿ ಎದ್ದು ಕಾಣುತ್ತದೆ.

'ಇಂದಿರಾಬಾಯಿ' 1899ರಲ್ಲಿ ಬಾಸೆಲ್ ಮಿಶನ್ ಮುದ್ರಣಾಲಯದಿಂದಲೇ ಹೊರಬಂದಿತು. ಆಗ ಅವರಿಗೆ ಸುಮಾರು ಐವತ್ತೈದು. ನಮ್ಮಂಥ ಬ್ಯಾಂಕ್ ನೌಕರರು ಪಿಂಚಣಿಯ ಲೆಕ್ಕ ಹಾಕುತ್ತ ಕೂರುವ ವಯಸ್ಸು. ವಿಕ್ಟೋರಿಯಾ ರಾಣಿ ಇನ್ನೂ ಸಿಂಹಾಸನದ ಮೇಲಿದ್ದಳು. ಆ ಲೆಕ್ಕದಲ್ಲಿ ಇದೂ ಒಂದು ವಿಕ್ಟೋರಿಯಾ ಯುಗದ ಕಾದಂಬರಿಯೇ. ಅದರಲ್ಲಿ ಒಬ್ಬ ತಬ್ಬಲಿಯೂ ಇದ್ದಾನೆ.

ಕಥೆ ಬಾಲವಿಧವೆ ಇಂದಿರೆಯದು. ತಂದೆ ಭೀಮರಾಯನಿಗೆ ಹಣವೇ ದೇವರು. ತಂದೆತಾಯಿಗಳ ಭಕ್ತಿಯೆಲ್ಲ 'ಸಂತ'ರೆನಿಸಿಕೊಂಡ ಕಪಟಿಗಳಿಗೆ ಮೀಸಲು. ಮಗಳು ಓದು ಬಿಟ್ಟು ಆ ಸಂತಮಂಡಳಿಯ ಸೇವೆಗೆ ನಿಲ್ಲಬೇಕೆಂಬುದು ಅವರ ಹಟ. ಆ ಸೇವೆಯ ನಿಜವಾದ ಅರ್ಥವೇನೆಂದು ಇಂದಿರೆ ಬೇಗನೆ ಗ್ರಹಿಸುತ್ತಾಳೆ. ಮನೆ ಬಿಟ್ಟು ಓಡಿ, ಸುಧಾರಕ ಅಮೃತರಾಯನ ಆಶ್ರಯ ಪಡೆದು ವಿದ್ಯೆ ಕಲಿಯುತ್ತಾಳೆ. ತಂದೆಯನ್ನು ಕಳೆದುಕೊಂಡ ಭಾಸ್ಕರನನ್ನು ಸಾಕಿದವನೂ ಇದೇ ಅಮೃತರಾಯ. ಭಾಸ್ಕರ ಇಂಗ್ಲೆಂಡಿನಲ್ಲಿ ಓದಿ ಸಿವಿಲ್ ಸರ್ವಿಸ್ ಅಧಿಕಾರಿಯಾಗಿ ಮರಳಿ ಇಂದಿರೆಯ ಕೈಹಿಡಿಯುತ್ತಾನೆ.

ಇಲ್ಲಿ ಚಾರ್ಲ್ಸ್ ಡಿಕನ್ಸನ 'ಆಲಿವರ್ ಟ್ವಿಸ್ಟ್' ನೆನಪಾಗದೆ ಇರದು. 1834ರ ಬಡವರ ಕಾನೂನಿನಡಿ ನಡೆಯುತ್ತಿದ್ದ ಬಡವರ ದುಡಿಮೆಮನೆಗಳ (ವರ್ಕ್‌ಹೌಸ್) ಕ್ರೌರ್ಯವನ್ನು 1837ರಿಂದ 1839ರವರೆಗೆ ಧಾರಾವಾಹಿಯಾಗಿ ಬಂದ ಆ ಕಾದಂಬರಿ ನಗುನಗುತ್ತಲೇ ಬಯಲಿಗೆಳೆಯಿತು. ದರ್ಪದ ಬಂಬಲ್ ಸಾಹೇಬ ಕೊನೆಗೆ ಹೆಂಡತಿಯ ಮುಂದೆ ಬೆಕ್ಕಿನಂತಾಗಿ, ತಾನೇ ಆಳಿದ ದುಡಿಮೆಮನೆಗೆ ನಿರ್ಗತಿಕನಾಗಿ ಸೇರುತ್ತಾನೆ. ವೆಂಕಟರಾಯರ ಸಂತರು ಅದೇ ಜಾತಿಯವರು. ಮೇಲೆ ಭಜನೆ, ಒಳಗೆ ಲಾಲಸೆ. ಅವರನ್ನು ಬೈಯುವುದಕ್ಕಿಂತ ನಗೆಪಾಟಲು ಮಾಡುವುದು ಹೆಚ್ಚು ನೋಯಿಸುತ್ತದೆಂದು ಇಬ್ಬರಿಗೂ ತಿಳಿದಿತ್ತು. ಅಮೃತರಾಯನೋ ಆಲಿವರನನ್ನು ಪೊರೆದ ಬ್ರೌನ್‌ಲೋನ ತಮ್ಮನಂತಿದ್ದಾನೆ. ಒಬ್ಬರು ಇನ್ನೊಬ್ಬರಿಂದ ಕಲಿತರೆಂದು ನಾವು ಹೇಳುತ್ತಿಲ್ಲ. ಎರಡು ಊರುಗಳ ರೋಗ ಹೋಲುತ್ತಿತ್ತು, ಅಷ್ಟೇ.

ಒಂದು ವ್ಯತ್ಯಾಸ ನಮಗೆ ಮುಖ್ಯವೆನಿಸಿದೆ. ಆಲಿವರನನ್ನು ಕಾಪಾಡುವುದು ಹುಟ್ಟಿನ ಗುಟ್ಟು ಮತ್ತು ತಂದೆಯ ಆಸ್ತಿ. ಭಾಸ್ಕರನನ್ನು ಎತ್ತುವುದು ಪರೀಕ್ಷೆ. ಕರಾವಳಿಯಿಂದ ಸರ್ಟಿಫಿಕೇಟು ಹಿಡಿದು ಮುಂಬಯಿಗೆ ಬಂದ ನಮ್ಮ ಹಿರಿಯರ ಕಥೆಗೆ ಹತ್ತಿರವಾದುದು ಈ ಎರಡನೆಯದೇ. ವೆಂಕಟರಾಯರ ಸಮಾಜದವರೇ ಈ ಮಹಾನಗರದಲ್ಲಿ 1906ರಲ್ಲಿ ಶಾಮರಾವ್ ವಿಠಲ್ ಸಹಕಾರಿ ಬ್ಯಾಂಕನ್ನೂ, 1915ರಲ್ಲಿ ಗಾಮದೇವಿಯ ಸಾರಸ್ವತ ವಸತಿ ಸಹಕಾರ ಸಂಘವನ್ನೂ ಕಟ್ಟಿದರು.

ಅಂದಿನ ದಿನಗಳಲ್ಲಿ ಇದನ್ನು ಬರೆಯುವುದು ಹಗುರದ ಕೆಲಸವಾಗಿರಲಿಲ್ಲ. ವಿಧವಾ ವಿವಾಹಕ್ಕೆ 1856ರಲ್ಲೇ ಕಾನೂನಿನ ಒಪ್ಪಿಗೆ ದೊರೆತಿದ್ದರೂ, ಕೇಶಮುಂಡನ ಮನೆಮನೆಯ ರೂಢಿಯಾಗಿತ್ತು. ಕಟ್ಟು ಮೀರಿದವರಿಗೆ, ಸಮುದ್ರ ದಾಟಿದವರಿಗೆ ಜಾತಿ ಬಹಿಷ್ಕಾರದ ಭಯವಿತ್ತು. ಬಹಿಷ್ಕಾರವೆಂದರೆ ನೆಂಟರು ಊಟಕ್ಕೆ ಕರೆಯರು, ಮಗಳಿಗೆ ಗಂಡು ಸಿಕ್ಕದು, ಹೆಣ ಹೊರಲು ಹೆಗಲು ಸಿಕ್ಕದು. ಅಂಥ ಸಮಾಜದ ಒಳಗೇ ಬದುಕುತ್ತ, ಅದರ ಭಕ್ತಿಯ ಬೂಟಾಟಿಕೆಯನ್ನು ಅಚ್ಚು ಹಾಕಿಸಿದವರು ವೆಂಕಟರಾಯರು.

ಆದರೂ ಅವರ ಮಿತಿಯನ್ನು ಮುಚ್ಚಿಡಬೇಕಾಗಿಲ್ಲ. ಇಂಗ್ಲಿಷ್ ವಿದ್ಯೆ ಮತ್ತು ಸರ್ಕಾರಿ ಹುದ್ದೆಯ ಮೇಲೆ ಅವರಿಟ್ಟ ನಂಬಿಕೆ ಇಂದು ಅತಿಯೆನಿಸುತ್ತದೆ. ಅದೇ ಮಂಗಳೂರಿನಲ್ಲಿ, ಅದೇ ಸಮಾಜದ ಕುದ್ಮುಲ್ ರಂಗರಾಯರು 1892ರಲ್ಲೇ ದಲಿತ ಮಕ್ಕಳಿಗಾಗಿ ಶಾಲೆ ತೆರೆದಿದ್ದರು. ವೆಂಕಟರಾಯರ ಸುಧಾರಣೆಯ ಕಳಕಳಿ ಮೇಲ್ಜಾತಿಯ ಅಂಗಳದಿಂದ ಅಷ್ಟು ದೂರ ಹೋಗಲಿಲ್ಲ. ಉಪದೇಶ ಹೆಚ್ಚಿದ ಪುಟಗಳಲ್ಲಿ ಕಥೆ ಕುಂಟುತ್ತದೆ. ಸಂತರು ಮರಳಿ ಬಂದೊಡನೆ ಚುರುಕಾಗುತ್ತದೆ.

ಸಿವಿಲ್ ಸರ್ವಿಸಿನ ಎಂ. ಇ. ಕೌಚ್‌ಮನ್ 1903ರಲ್ಲಿ ಕಾದಂಬರಿಯನ್ನು ಇಂಗ್ಲಿಷಿಗೆ ತಂದರು. ಕನ್ನಡದಲ್ಲಿ ಆಗತಾನೆ ಹುಟ್ಟಿದ್ದ ಪ್ರಕಾರಕ್ಕೆ ನಾಲ್ಕೇ ವರ್ಷಗಳಲ್ಲಿ ಒದಗಿದ ಭಾಗ್ಯವಿದು. ವೆಂಕಟರಾಯರು ಮುಂದೆ 'ಭಾಗೀರಥಿ', 'ಸೀಮಂತಿನಿ' ಬರೆದರು. ಅವು ಮೊದಲ ಕೃತಿಯಷ್ಟು ಹೆಸರು ಮಾಡಲಿಲ್ಲ. 1913ರಲ್ಲಿ ಅವರು ತೀರಿಕೊಂಡರು. 2019ರಲ್ಲಿ ವನಮಾಲಾ ವಿಶ್ವನಾಥ ಮತ್ತು ಶಿವರಾಮ ಪಡಿಕ್ಕಲ್ ಅವರ ಹೊಸ ಇಂಗ್ಲಿಷ್ ಅನುವಾದ ಪ್ರಕಟವಾಯಿತು. ಕನ್ನಡ ಮಾತನಾಡಿಯೂ ಓದಲು ಬಾರದ ನಮ್ಮ ಮಕ್ಕಳು ಇಂದಿರೆಯನ್ನು ಅದರಲ್ಲಿಯೇ ಕಾಣಬಹುದು. ಓದಬಲ್ಲ ಹಿರಿಯರಿಗೆ ಮೂಲವಿದೆ.