ಜೆಮ್‌ಷೆಡ್‌ಜಿಯವರ ದರ್ಜೆ, ಮಲೆನಾಡಿನ ಅಳತೆ

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಬೆಟ್ಟಗಳಲ್ಲಿ ಇಂದು ಹೋಂಸ್ಟೇ, ರೆಸಾರ್ಟುಗಳ ಫಲಕವಿಲ್ಲದ ತಿರುವುಗಳು ಕಡಿಮೆ. ಕಾಫಿ, ಮೆಣಸಿನ ಬೆಲೆ ಏರಿಳಿಯುವ ಈ ಸೀಮೆಯಲ್ಲಿ ಅತಿಥಿಗಳಿಂದ ಬರುವ ಆದಾಯ ಅನೇಕ ಬೆಳೆಗಾರರಿಗೆ ಆಸರೆಯಾಗಿದೆ. ಅದರ ಬೆನ್ನಿಗೇ ‘ಅಂತರರಾಷ್ಟ್ರೀಯ ದರ್ಜೆ’ ಎಂಬ ಮಾತೂ ಘಟ್ಟ ಹತ್ತಿದೆ. ಆ ದರ್ಜೆಯನ್ನು ಅಳೆಯುವುದು ಹೇಗೆ? ತಾಜ್ ಸಮೂಹವು ಚಿಕ್ಕಮಗಳೂರಿನ ಕಡೂರು–ಮಂಗಳೂರು ರಸ್ತೆಯ ತನ್ನ ಹೋಟೆಲನ್ನು ಮುಂಬಯಿಯ ಅರಮನೆಯ ಸಾಲಿಗೆ ಸೇರಿಸದೆ, ಮೊದಲು ತಾಜ್ ಗಾರ್ಡನ್ ರಿಟ್ರೀಟ್ ಎಂದೂ ಬಳಿಕ ಗೇಟ್‌ವೇ ಎಂದೂ ಬೇರೆ ಶ್ರೇಣಿಯಲ್ಲಿಟ್ಟಿತು. ಒಂದೇ ಸಂಸ್ಥೆಯ ಹೋಟೆಲುಗಳಲ್ಲಿ ಊರಿಂದೂರಿಗೆ ಬದಲಾಗಬಹುದಾದದ್ದು ಯಾವುದು, ಬದಲಾಗಬಾರದ್ದು ಯಾವುದು ಎಂಬ ಪ್ರಶ್ನೆಗೆ ಆ ಸಮೂಹದ ಮೂಲಪುರುಷ ಜೆಮ್‌ಷೆಡ್‌ಜಿ ಟಾಟಾ ಅವರ ಬದುಕಿನಲ್ಲಿ ಉತ್ತರವಿದೆ.

ಜೆಮ್‌ಷೆಡ್‌ಜಿ ಹುಟ್ಟಿದ್ದು 1839ರ ಮಾರ್ಚ್ 3ರಂದು, ಗುಜರಾತಿನ ನವಸಾರಿಯ ಪಾರ್ಸಿ ಪುರೋಹಿತ ಮನೆತನದಲ್ಲಿ. ತಂದೆ ನಸರವಾನ್‌ಜಿ ಪೌರೋಹಿತ್ಯ ಬಿಟ್ಟು ಮುಂಬಯಿಯಲ್ಲಿ ವ್ಯಾಪಾರಕ್ಕೆ ನಿಂತಿದ್ದರು. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿದ ಮಗ, 1868ರಲ್ಲಿ 21,000 ರೂಪಾಯಿ ಬಂಡವಾಳದೊಂದಿಗೆ ಸ್ವಂತ ವ್ಯಾಪಾರ ಆರಂಭಿಸಿದರು. ಇಂಗ್ಲೆಂಡಿನ ಲ್ಯಾಂಕಷೈರಿನ ಬಟ್ಟೆ ಗಿರಣಿಗಳನ್ನು ಕಣ್ಣಾರೆ ಕಂಡು ಬಂದರು. ಆದರೆ ತಮ್ಮ ಗಿರಣಿಯನ್ನು ಅವರು ಕಟ್ಟಿದ್ದು ಮುಂಬಯಿಯಲ್ಲಲ್ಲ, ಹತ್ತಿ ಬೆಳೆಯುವ ಸೀಮೆಯ ನಾಗಪುರದಲ್ಲಿ. ಎಂಪ್ರೆಸ್ ಮಿಲ್ 1877ರ ಜನವರಿ 1ರಂದು ಆರಂಭವಾಯಿತು. ಯಂತ್ರ ಹೊರಗಿನದು, ಜಾಗದ ಆಯ್ಕೆ ಒಳಗಿನ ತಿಳಿವಳಿಕೆಯದು. ಅವರ ಮುಂದಿನ ಕೆಲಸಗಳಲ್ಲೂ ಈ ಹದವೇ ಕಾಣುತ್ತದೆ.

ಆ ಗಿರಣಿಯಲ್ಲಿ ಅವರು ಕೇವಲ ನೂಲಿನ ಗುಣಮಟ್ಟವನ್ನು ನೋಡಲಿಲ್ಲ. ಗಾಳಿ ಆಡುವ ವ್ಯವಸ್ಥೆ, ಬೆಂಕಿ ನಂದಿಸುವ ಸಾಧನ ಬಂದವು. 1886ರಲ್ಲಿ ಕಾರ್ಮಿಕರಿಗೆ ಪಿಂಚಣಿ ನಿಧಿಯೂ 1895ರಲ್ಲಿ ಅಪಘಾತ ಪರಿಹಾರವೂ ಜಾರಿಗೊಂಡವು. ಕಾನೂನು ಒತ್ತಾಯಿಸುವುದಕ್ಕೆ ದಶಕಗಳ ಮೊದಲೇ ಇವು ನಡೆದವು.

ಕರ್ನಾಟಕದೊಂದಿಗೂ ಅವರ ನಂಟು ಗಾಢವಾಗಿತ್ತು. ಮೈಸೂರು ಸೀಮೆಯ ಹವೆ ರೇಷ್ಮೆಗೆ ಒಗ್ಗುವುದೆಂದು ಮನಗಂಡು, ಜಪಾನಿನ ಕ್ರಮದಲ್ಲಿ ರೇಷ್ಮೆ ಬೆಳೆಯಲು ಅಲ್ಲಿನ ತಜ್ಞರನ್ನೇ ಬೆಂಗಳೂರಿಗೆ ಕರೆಸಿದರು. ಬಸವನಗುಡಿಯ ಬಳಿಯ ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಆ ಪ್ರಯೋಗದ ಉಳಿಕೆ. ಅವರು ಕನಸಿದ ವಿಜ್ಞಾನ ಸಂಸ್ಥೆಗೆ ಮೈಸೂರು ಸಂಸ್ಥಾನ 371 ಎಕರೆ ಭೂಮಿ ನೀಡಿತು. ಅದು 1909ರಲ್ಲಿ ಸ್ಥಾಪನೆಯಾಗುವ ವೇಳೆಗೆ ಕನಸುಗಾರ ಬದುಕಿರಲಿಲ್ಲ.

ಹೋಟೆಲು ಅವರ ಕೊನೆಯ ದಿನಗಳ ಹಂಬಲ. ಬಿಳಿಯರಿಗಷ್ಟೇ ಮೀಸಲಾಗಿದ್ದ ಹೋಟೆಲೊಂದು ಅವರನ್ನು ಬಾಗಿಲಲ್ಲೇ ತಡೆಯಿತೆಂಬ ಕಥೆ ಜನಜನಿತ. ಇತಿಹಾಸಕಾರರಲ್ಲಿ ಅನೇಕರು ಅದನ್ನು ಒಪ್ಪುವುದಿಲ್ಲ. 1896ರ ಪ್ಲೇಗಿನಿಂದ ಕಂಗೆಟ್ಟಿದ್ದ ತಮ್ಮ ನಗರಕ್ಕೆ ಮತ್ತೆ ಕಳೆ ತರುವ ಆಸೆ ಅವರಿಗಿತ್ತು. ಸ್ವಂತ ಹಣ ಹಾಕಿದರು. ಜರ್ಮನಿಯಿಂದ ಲಿಫ್ಟು, ಅಮೆರಿಕದಿಂದ ಫ್ಯಾನು ತರಿಸಿದರು. ಟರ್ಕಿ ಮಾದರಿಯ ಸ್ನಾನಗೃಹ ಮಾಡಿಸಿದರು. ಕಟ್ಟಡದ ನಕ್ಷೆ ಮಾತ್ರ ಸೀತಾರಾಮ್ ಖಂಡೇರಾವ್ ವೈದ್ಯ ಮತ್ತು ಡಿ.ಎನ್. ಮಿರ್ಜಾ ಎಂಬ ಭಾರತೀಯರದು. ವೈದ್ಯರ ನಿಧನಾನಂತರ ಇಂಗ್ಲಿಷ್ ಎಂಜಿನಿಯರ್ ಚೇಂಬರ್ಸ್ ಅದನ್ನು ಪೂರೈಸಿದರು. 1903ರ ಡಿಸೆಂಬರ್ 16ರಂದು ತಾಜ್ ಮಹಲ್ ಹೋಟೆಲ್ ತೆರೆಯಿತು. ಅಲ್ಲಿ ಭಾರತೀಯರಿಗೂ ಯುರೋಪಿಯನ್ನರಿಗೂ ಬಾಗಿಲು ಒಂದೇ ಆಗಿತ್ತು. ಐದು ತಿಂಗಳ ನಂತರ, 1904ರ ಮೇ 19ರಂದು, ಜರ್ಮನಿಯ ಬಾಟ್ ನೌಹೈಮ್‌ನಲ್ಲಿ ಜೆಮ್‌ಷೆಡ್‌ಜಿ ತೀರಿಕೊಂಡರು.

ಸುಮಾರು ಏಳು ದಶಕ ಒಂಟಿಯಾಗಿದ್ದ ಆ ಹೋಟೆಲು 1970ರ ದಶಕದಲ್ಲಿ ಸರಪಳಿಯಾಯಿತು. ಉದಯಪುರದ ಸರೋವರದ ಅರಮನೆ, ಗೋವೆಯ ಕಡಲತೀರ ಸೇರಿದವು. 1984ರಲ್ಲಿ ಬೆಂಗಳೂರಿನ ವೆಸ್ಟ್ ಎಂಡ್ ಬಂತು. ಹೀಗೆ ಬೆಳೆಯುವ ಯಾವ ಕಂಪನಿಗೂ ನಿಯಮಪುಸ್ತಕವೊಂದು ಬೇಕಾಗುತ್ತದೆ. ಅಡುಗೆಮನೆಯ ಶುಚಿ, ಬೆಂಕಿಯ ಮುನ್ನೆಚ್ಚರಿಕೆ, ಹಾಸಿಗೆಯ ಶುಭ್ರತೆ ಎಲ್ಲೆಡೆ ಒಂದೇ. ಉಳಿದದ್ದು ದೇಶದಿಂದ ದೇಶಕ್ಕೆ ಬಾಗುತ್ತದೆ. ಅಮೆರಿಕದ ಕೋಣೆಯ ವಿಸ್ತಾರ ಯುರೋಪಿನ ಹಳೆಯ ಕಟ್ಟಡಗಳಲ್ಲಿ ಸಿಗದು. ಕೊಲ್ಲಿ ರಾಷ್ಟ್ರಗಳಲ್ಲಿ ಕೋಣೆಯೊಳಗೆ ಪ್ರಾರ್ಥನೆಯ ದಿಕ್ಕು ತೋರಿಸಬೇಕು. ಜಪಾನಿನಲ್ಲಿ ಸ್ನಾನದ ತೊಟ್ಟಿ, ಭಾರತದಲ್ಲಿ ಸಸ್ಯಾಹಾರ ಮುಖ್ಯ.

ನಮ್ಮ ಮಲೆನಾಡಿಗೂ ಇಂಥ ಬಾಗುವಿಕೆ ಬೇಕು. ಮುಂಗಾರಿನಲ್ಲಿ ದಿನಗಟ್ಟಲೆ ಬಿಸಿಲು ಕಾಣದ ಕಳಸದಲ್ಲಿ ಒಣಗಿದ, ಬೆಚ್ಚನೆಯ ಹೊದಿಕೆಯೇ ಐಷಾರಾಮ. ಅಕ್ಕಿ ರೊಟ್ಟಿ, ಕಡುಬು, ಕಳಲೆಯ ಪಲ್ಯ ಇಲ್ಲಿನ ಊಟದ ಘನತೆ. ಕಿಟಕಿಯಾಚೆ ಅರೇಬಿಕಾ ಗಿಡ, ಕೋಣೆಯೊಳಗೆ ಇನ್‌ಸ್ಟಂಟ್ ಕಾಫಿಯ ಪೊಟ್ಟಣ ಎಂಬಂತಾದರೆ ಆ ದರ್ಜೆ ಪುಸ್ತಕದ್ದೇ ಹೊರತು ಊರಿನದಲ್ಲ.

ಬಾಗಬಾರದ ಸಂಗತಿಯೂ ಒಂದಿದೆ. ಅತಿಥಿಯ ದಿಂಬನ್ನು ಅಳೆಯುವ ಕೋಲು ಅದೇ ತೋಟದ ಲೈನ್ ಮನೆಯನ್ನೂ ಅಳೆಯಬೇಕು. 1951ರ ತೋಟ ಕಾರ್ಮಿಕರ ಕಾಯ್ದೆ ಮನೆ, ಕುಡಿಯುವ ನೀರು, ವೈದ್ಯೋಪಚಾರ, ಶಿಶುವಿಹಾರಗಳನ್ನು ದೊಡ್ಡ ತೋಟಗಳ ಮಾಲೀಕರ ಹೊಣೆಯಾಗಿಸಿತ್ತು. ಹಣ್ಣು ಕೊಯ್ಯುವ ಹೆಣ್ಣಾಳಿನ ಸೂರು ಸೋರುತ್ತಿರುವಾಗ, ಹೋಟೆಲಿನ ಕೊಳೆನೀರು ಭದ್ರೆಗೋ ಹೇಮಾವತಿಗೋ ಇಳಿಯುವ ಹಳ್ಳವನ್ನು ಸೇರುತ್ತಿರುವಾಗ ಫಲಕದ ಮೇಲೆ ಎಷ್ಟು ನಕ್ಷತ್ರಗಳಿದ್ದರೇನು? ಗಿರಣಿಯ ಆಳಿಗೆ ಪಿಂಚಣಿ ಕೊಟ್ಟು, ಆನಂತರ ಅತಿಥಿಗೆ ಅರಮನೆ ಕಟ್ಟಿದವರು ಜೆಮ್‌ಷೆಡ್‌ಜಿ. ಅವರು ನಡೆದ ಆ ಕ್ರಮವನ್ನು ಕಾಫಿ ಬೆಟ್ಟಗಳ ಆತಿಥ್ಯೋದ್ಯಮ ತಲೆಕೆಳಗು ಮಾಡದಿರಲಿ.