ಅರಮನೆಯಲ್ಲಿ ದೀಕ್ಷಾಸ್ನಾನ ಪಡೆದ ಕೊಡಗಿನ ಕುವರಿ

ಇಂಗ್ಲೆಂಡಿನ ರಾಣಿ ವಿಕ್ಟೋರಿಯಾಳ ಆಸ್ಥಾನದಲ್ಲಿ ಉನ್ನತ ಮನೆತನದ ಸ್ತ್ರೀಯರಿಗೆ ಕೊರತೆಯಿರಲಿಲ್ಲ. ರಾಣಿಯ ಉಡುಪುಗಳ ಮೇಲ್ವಿಚಾರಣೆಗೊಬ್ಬರು, ಅಂತಃಪುರದ ಸೇವೆಗೆ ಕೆಲವರು, ಜೊತೆಗಿರಲು ಕನ್ಯೆಯರು, ಹೀಗೆ ಪ್ರತಿಯೊಬ್ಬರಿಗೂ ಒಂದು ಪದವಿ, ಒಂದು ಕರ್ತವ್ಯವಿತ್ತು. ಅವರ ನಡುವೆ ಯಾವ ಪದವಿಯೂ ಇಲ್ಲದೆ, ಆದರೆ ಎಲ್ಲರ ಕಣ್ಣಿಗೂ ಬಿದ್ದ ಬಾಲೆಯೊಬ್ಬಳಿದ್ದಳು. ಅವಳೇ ಕೊಡಗಿನ ರಾಜಕುಮಾರಿ ಗೌರಮ್ಮ.

ಅವಳ ತಂದೆ ಚಿಕ್ಕವೀರರಾಜೇಂದ್ರ, ಹಾಲೇರಿ ವಂಶದ ಕೊನೆಯ ಅರಸ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಅವನನ್ನು ಪದಚ್ಯುತಗೊಳಿಸಿ, ಮೊದಲು ವೆಲ್ಲೂರಿನಲ್ಲಿಯೂ ಬಳಿಕ ಕಾಶಿಯಲ್ಲಿಯೂ ಇರಿಸಿತು. 1841ರಲ್ಲಿ ಕಾಶಿಯಲ್ಲಿ ಜನಿಸಿದ ಗೌರಮ್ಮ ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡಳು. ತನ್ನ ದೊಡ್ಡಪ್ಪನಾದ ದೊಡ್ಡವೀರರಾಜೇಂದ್ರನು ಕಂಪನಿಯಲ್ಲಿ ಇರಿಸಿದ್ದ ಹಣ ತನಗೆ ಸಲ್ಲಬೇಕೆಂದು ವಾದಿಸುತ್ತಿದ್ದ ಮಾಜಿ ಅರಸನು 1852ರಲ್ಲಿ ಮಗಳೊಡನೆ ಲಂಡನ್ನಿಗೆ ಹಡಗೇರಿದನು. ಮಗಳನ್ನು ಕ್ರೈಸ್ತಳಾಗಿ ಬೆಳೆಸಬೇಕೆಂದು ಅವನೇ ಕೋರಿದನು. ರಾಣಿಯ ಕೃಪೆ ದೊರೆತರೆ ತನ್ನ ಹಕ್ಕು ಕೈಗೂಡೀತೆಂಬ ಆಸೆಯೂ ಆ ಕೋರಿಕೆಯ ಹಿಂದಿತ್ತು.

ಅದೇ ವರ್ಷ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಕ್ಯಾಂಟರ್ಬರಿಯ ಆಂಗ್ಲಿಕನ್ ಮಹಾಧರ್ಮಾಧ್ಯಕ್ಷರು ಆಕೆಗೆ ದೀಕ್ಷಾಸ್ನಾನವಿತ್ತರು. ರಾಣಿಯೇ ಜ್ಞಾನತಾಯಿಯಾಗಿ ನಿಂತು, ತನ್ನ ಹೆಸರನ್ನೇ ಆ ಮಗುವಿಗೆ ಕೊಟ್ಟಳು. ಪ್ರಸಿದ್ಧ ಚಿತ್ರಕಾರ ವಿಂಟರ್‌ಹಾಲ್ಟರ್ ಆಕೆಯ ಚಿತ್ರ ಬರೆದನು. ಶಿಲ್ಪಿ ಮರೊಚೆಟ್ಟಿ ಅಮೃತಶಿಲೆಯಲ್ಲಿ ಪ್ರತಿಮೆ ಕಡೆದನು. ಹೊರಗಿನವರ ಕಣ್ಣಿಗೆ ಇದಕ್ಕಿಂತ ಹೆಚ್ಚಿನ ಭಾಗ್ಯ ಬೇರೇನಿದ್ದೀತು?

ಆದರೆ ಆ ಭಾಗ್ಯದ ಬೆಲೆಯನ್ನು ತೆತ್ತವಳು ಹತ್ತು ವರ್ಷದ ಬಾಲೆ. ತಂದೆಯ ಸಹವಾಸ ಅವಳಿಗೆ ಒಳಿತಲ್ಲವೆಂದು ತೀರ್ಮಾನಿಸಿ, ಅವಳನ್ನು ಇಂಗ್ಲಿಷ್ ಪೋಷಕರ ವಶಕ್ಕೆ ಒಪ್ಪಿಸಲಾಯಿತು. ತಂದೆಮಗಳ ಭೇಟಿಗೂ ಕಟ್ಟುಪಾಡುಗಳು ಬಂದವು. ಹೀಗೆ ಅವರು ದೂರವಾದರು. 1859ರಲ್ಲಿ ಅರಸನು ಲಂಡನ್ನಿನಲ್ಲಿಯೇ ತೀರಿಕೊಂಡನು. ಅವನು ಬೇಡಿಬಂದ ಹಣ ಕೊನೆಗೂ ಅವನ ಕೈಸೇರಲಿಲ್ಲ.

ರಾಣಿಗೆ ಆಕೆಯ ಮೇಲೆ ಮಮತೆಯಿರಲಿಲ್ಲವೆಂದಲ್ಲ. ಕಂಪನಿಯಿಂದ ರಾಜ್ಯ ಕಳೆದುಕೊಂಡು, 1853ರಲ್ಲಿ ಕ್ರೈಸ್ತನಾಗಿ, ಮರುವರ್ಷ ಇಂಗ್ಲೆಂಡಿಗೆ ಬಂದ ಪಂಜಾಬಿನ ಮಹಾರಾಜ ದುಲೀಪ್ ಸಿಂಗನಿಗೆ ಅವಳನ್ನು ಕೊಡಬೇಕೆಂದು ರಾಣಿ ಬಯಸಿದಳು. ಈ ಇಬ್ಬರ ಮದುವೆಯು ಭಾರತಕ್ಕೆ ಮಾದರಿಯಾಗಬೇಕೆಂಬ ಎಣಿಕೆ ಹಿರಿಯರದು. ಆ ಸಂಬಂಧ ಕೂಡಿಬರಲಿಲ್ಲ. 1860ರಲ್ಲಿ ಗೌರಮ್ಮ ತನಗಿಂತ ಬಹಳ ಹಿರಿಯನಾದ ಕರ್ನಲ್ ಜಾನ್ ಕ್ಯಾಂಪ್‌ಬೆಲ್ಲನನ್ನು ವರಿಸಿದಳು. ಮರುವರ್ಷ ಎಡಿತ್ ಎಂಬ ಹೆಣ್ಣುಮಗು ಹುಟ್ಟಿತು. 1864ರಲ್ಲಿ, ಕೇವಲ ಇಪ್ಪತ್ತೆರಡರ ಹರೆಯದಲ್ಲಿ, ಕ್ಷಯರೋಗವು ಆಕೆಯನ್ನು ಬಲಿ ತೆಗೆದುಕೊಂಡಿತು. ಲಂಡನ್ನಿನ ಬ್ರಾಂಪ್ಟನ್ ಶ್ಮಶಾನದಲ್ಲಿ ಆಕೆಯ ಸಮಾಧಿಯಿದೆ. ತನ್ನ ಪೂರ್ವಿಕರು ಆಳಿದ ಕೊಡಗನ್ನು ಆಕೆ ಒಮ್ಮೆಯೂ ಕಾಣಲಿಲ್ಲ.

ತಂದೆ ಆಕೆಯಲ್ಲಿ ತನ್ನ ದಾವೆಗೆ ಆಸರೆಯನ್ನು ಕಂಡನು. ಆಸ್ಥಾನವು ಸಾಮ್ರಾಜ್ಯದ ಗೆಲುವನ್ನು ಕಂಡಿತು. ಆ ಮಗುವಿಗೆ ಏನು ಬೇಕೆಂದು ಕೇಳಿದವರು ವಿರಳ. ದೀಕ್ಷಾಸ್ನಾನವು ದೇವರ ವರದಾನ; ಅದು ಹಿರಿಯರ ಹಂಬಲಗಳಿಗೆ ಮೆಟ್ಟಿಲಲ್ಲ. ನಾವೂ ಮಕ್ಕಳಿಗೆ ಜ್ಞಾನತಂದೆ, ಜ್ಞಾನತಾಯಿಯರನ್ನು ಆರಿಸುವಾಗ ಅವರ ಅಂತಸ್ತನ್ನೇ ನೋಡುವುದುಂಟು. ಚಳ್ಳಕೆರೆ ಸೀಮೆಯ ದೊಡ್ಡಉಳ್ಳಾರ್ತಿಯಲ್ಲಾಗಲಿ, ಲಂಡನ್ನಿನ ಅರಮನೆಯಲ್ಲಾಗಲಿ, ಮಗುವಿಗೆ ಬೇಕಾದದ್ದು ದೊಡ್ಡವರ ಹೆಸರಲ್ಲ. ಅದರ ಮಾತನ್ನು ಕೇಳಿಸಿಕೊಳ್ಳುವ, ಕೈಹಿಡಿದು ನಡೆಸುವ ಹತ್ತಿರದ ಜನ. ನೂರಾರು ಕಣ್ಣುಗಳ ನಡುವೆಯೂ ಒಂಟಿಯಾಗಿ ಬಾಳಿದ ಗೌರಮ್ಮನ ಆತ್ಮಕ್ಕೆ ಚಿರಶಾಂತಿ ದೊರೆಯಲಿ.